ಮೇ 31ರ ತಂಬಾಕು ವಿರೋಧಿ ಜಾಥಾದ ದುಡ್ಡನ್ನು ಕಲಬುರಗಿಯಲ್ಲಿ ಬೇರೆ ಯಾವುದಕ್ಕೆ ಹಾಕಬಹುದು?

ತೊಗರಿ_ಕಣಜ:
ಕಾಲೇಜಿನ ಎನ್ನೆಸ್ಸೆಸ್ ಘಟಕಕ್ಕೆ ಈ ಸಲವೂ ಅದೇ ಪಟ್ಟಿ ಬಂದಿದೆ: ಫ್ಲೆಕ್ಸ್, ಟೋಪಿ, ಟೀ-ಶರ್ಟ್, ವೇದಿಕೆ, ಪ್ರತಿಜ್ಞೆ. ಮಧ್ಯಾಹ್ನದ ಹೊತ್ತಿಗೆ ಎಲ್ಲಾ ಮುಗೀತದ. ಅದೇ ದುಡ್ಡಲ್ಲಿ ಒಬ್ಬರಾದರೂ ತಂಬಾಕು ಬಿಡೋ ಹಂಗ ಏನು ಮಾಡಬಹುದ್ರೀ?

ಬಹಮನಿ_ಕೋಟೆ:
ಮೊದಲು ಫ್ಲೆಕ್ಸ್ ಕೈಬಿಡಿ. 2016ರಿಂದ ರಾಜ್ಯದಲ್ಲಿ ಪ್ಲಾಸ್ಟಿಕ್ ಫ್ಲೆಕ್ಸೇ ನಿಷೇಧ. ಕಾನೂನು ಪಾಲಿಸಿ ಅಂತ ಹೇಳೋ ಬ್ಯಾನರೇ ಕಾನೂನುಬಾಹಿರ ಆದರೆ ಯಾರು ಕೇಳಬೇಕು?

ಅದರ ಬದಲು ಧೂಮಪಾನ ನಿಷೇಧದ ತಗಡಿನ ಬೋರ್ಡ್ ಬರೆಸಿ. 2008ರ ನಿಯಮದ ಪ್ರಕಾರ ಕನಿಷ್ಠ 60 x 30 ಸೆಂ.ಮೀ., ಬಿಳಿ ಹಿನ್ನೆಲೆ, 15 ಸೆಂ.ಮೀ. ವ್ಯಾಸದ ವೃತ್ತ, ಅದಕ್ಕೆ 3 ಸೆಂ.ಮೀ. ಅಗಲದ ಕೆಂಪು ಅಂಚು. ದೂರು ಯಾರಿಗೆ ಕೊಡಬೇಕು ಅನ್ನೋದನ್ನೂ ಬರೆದಿರಬೇಕು. ಬಹಳ ಕಡೆ ಬಿಟ್ಟುಹೋಗೋದು ಈ ಸಾಲೇ. ಅದಿಲ್ಲದಿದ್ದರೆ ಬೋರ್ಡ್ ಬರೀ ಗೋಡೆ ಅಲಂಕಾರ. ತಂಬಾಕು ಕಾಯ್ದೆಗೆ ರಾಜ್ಯದ ತಿದ್ದುಪಡಿ ಬಂದಮೇಲೆ ಸಾರ್ವಜನಿಕ ಸ್ಥಳದಲ್ಲಿ ಸೇದಿದರೆ ದಂಡ 200 ಅಲ್ಲ, 1,000 ರೂಪಾಯಿ. ಮಾರಾಟಕ್ಕೆ ವಯಸ್ಸು 18 ಅಲ್ಲ, 21. ಹಳೆ ಬೋರ್ಡ್ ತಿದ್ದಿಸಿ. ಶಾಲೆ-ಕಾಲೇಜಿನ ಸುತ್ತಲಿನ ತಂಬಾಕು ಮಾರಾಟ ನಿಷೇಧದ ದೂರವನ್ನು ಗೇಟಿನಿಂದ ಅಲ್ಲ, ಕಾಂಪೌಂಡ್ ಗೋಡೆಯ ಹೊರಅಂಚಿನಿಂದ ಅಳೀತಾರೆ. ಹಿಂದಿನ ಓಣಿಯ ಡಬ್ಬಿ ಅಂಗಡಿ ಸಿಕ್ಕಿಬೀಳೋದು ಅಲ್ಲೇ.

ಶಾಬಾದಿ_ಕಲ್ಲು:
ಪೋಸ್ಟರ್ ಮೇಲೆ ಯಾವಾಗಲೂ ಸಿಗರೇಟೇ ಯಾಕೆ? 2016-17ರ ಗ್ಯಾಟ್ಸ್ ಅನ್ನೋ ವಯಸ್ಕರ ತಂಬಾಕು ಬಳಕೆ ಸಮೀಕ್ಷೆಯಲ್ಲಿ ಕರ್ನಾಟಕದ ವಯಸ್ಕರಲ್ಲಿ ಸೇದುವವರು ಶೇ 8.8, ಅಗಿಯೋ ಹೊಗೆರಹಿತ ತಂಬಾಕಿನವರು ಶೇ 16.3. ಗುಟ್ಕಾ 2013ರಲ್ಲೇ ನಿಷೇಧ ಆಯ್ತು. ಆಮೇಲೆ ಪಾನ್ ಮಸಾಲ ಒಂದು ಚೀಟಿ, ತಂಬಾಕು ಇನ್ನೊಂದು ಚೀಟಿ. ಎರಡೂ ಒಂದೇ ಕೊಂಡಿಗೆ ತೂಗ್ತಾವ, ಗಿರಾಕಿ ಅಂಗೈಯಲ್ಲಿ ಬೆರೆಸಿಕೊಳ್ತಾನೆ. ಜಾಥಾ ಅದರ ಮುಂದೇ ಹಾದುಹೋಗ್ತದ.

ಮೇಲೆ ಕೂತ ಸರ್ಕಾರದ್ದು ಇನ್ನೂ ಸಂಕಟ. ಒಂದು ಸಚಿವಾಲಯ ಪೊಟ್ಟಣದ ಶೇ 85 ಭಾಗದಲ್ಲಿ ಕ್ಯಾನ್ಸರ್ ಚಿತ್ರ ಹಾಕಿಸ್ತದ, ವಾಣಿಜ್ಯ ಸಚಿವಾಲಯದ ತಂಬಾಕು ಮಂಡಳಿ ಹುಣಸೂರು, ಪಿರಿಯಾಪಟ್ಟಣದಲ್ಲಿ ಎಲೆ ಹರಾಜು ನಡೆಸ್ತದ. ಸಿಗರೇಟು ಮಾಡೋ ಐಟಿಸಿಯಲ್ಲಿ ಎಲ್‌ಐಸಿಯ ದೊಡ್ಡ ಪಾಲಿದೆ. 2017ರಲ್ಲಿ ಜಿಎಸ್‌ಟಿ ಬಂದಾಗ ಸಿಗರೇಟಿಗೆ ಸೆಸ್ ಅಂದರೆ ಹೆಚ್ಚುವರಿ ತೆರಿಗೆ ಹಾಕಿದರು, ಬೀಡಿಗೆ ಹಾಕಲಿಲ್ಲ. ಬಡವನ ಪುಪ್ಪುಸ ಅಗ್ಗ ಅಂತಲೇ ಅರ್ಥ. ಇದು ನನಗೆ ಸಹಿಸೋಕೆ ಆಗೋದಿಲ್ಲ.

ಔಷಧಿ_ಅಂಗಡಿ:
ದುಡ್ಡು ನಿಕೋಟಿನ್ ಗಮ್‌ಗೆ, ಅಂದರೆ ತಂಬಾಕು ಬಿಡೋರು ಅಗಿಯೋ ಔಷಧಿ ಗಮ್‌ಗೆ ಹಾಕಿ. 2 ಮಿ.ಗ್ರಾಂ. ಗಮ್‌ಗೆ ವೈದ್ಯರ ಚೀಟಿ ಬೇಡ. ಮೊದಲ 6 ವಾರ ದಿನಕ್ಕೆ ಕನಿಷ್ಠ 9, ಅಂದರೆ ಒಬ್ಬರಿಗೆ 378. ಆಮೇಲೆ ಇಳಿಸುತ್ತಾ 12 ವಾರಕ್ಕೆ ನಿಲ್ಲಿಸಬೇಕು. ಒಂದೊಂದು ಸ್ಟ್ರಿಪ್ ನೂರು ಜನಕ್ಕೆ ಹಂಚಿದರೆ ಯಾರಿಗೂ ಆಗೋದಿಲ್ಲ. ಬಿಡ್ತೀನಿ ಅಂತ ಬಂದ ಹತ್ತು ಜನಕ್ಕೆ ಪೂರ್ತಿ ಕೊಡಿ.

ತಪ್ಪೋದು ಅಗಿಯೋ ರೀತಿಯಲ್ಲಿ. ಚೂಯಿಂಗ್ ಗಮ್ ಹಂಗ ಒಂದೇ ಸಮ ಅಗಿದರೆ ನಿಕೋಟಿನ್ ಹೊಟ್ಟೆಗೆ ಹೋಗಿ ಬಿಕ್ಕಳಿಕೆ, ಎದೆಯುರಿ. ನಿಧಾನ ಅಗಿದು, ಬಾಯಿ ಚುರುಚುರು ಅಂದ ಕೂಡಲೇ ಗಲ್ಲದ ಒಳಗೆ ಒತ್ತಿಡಬೇಕು. ಚುರುಚುರು ಇಳಿದ ಮೇಲೆ ಮತ್ತೆ ಅಗಿಯೋದು. ಹೀಗೆ ಅರ್ಧ ಗಂಟೆ.

ತೊಗರಿ_ಕಣಜ:
ನಡುವೆ ಚಹಾ ಕುಡೀಬಹುದಾ? ಇಲ್ಲಿ ಚಹಾ ಇಲ್ಲದೆ ಯಾರೂ ಕೂಡೋದಿಲ್ಲ.

ಔಷಧಿ_ಅಂಗಡಿ:
ಬೇಡ. ಗಮ್‌ಗೆ ಮುಂಚಿನ 15 ನಿಮಿಷ ಮತ್ತು ಬಾಯಲ್ಲಿರುವಷ್ಟು ಹೊತ್ತು ಚಹಾ, ಕಾಫಿ, ಸೋಡಾ, ಲಿಂಬು ಶರಬತ್ತು ಯಾವುದೂ ಬೇಡ. ಬಾಯಲ್ಲಿ ಹುಳಿ ಹೆಚ್ಚಿದರೆ ನಿಕೋಟಿನ್ ಗಲ್ಲದಿಂದ ರಕ್ತಕ್ಕೆ ಸೇರೋದಿಲ್ಲ, "ಗಮ್ ಕೆಲಸ ಮಾಡ್ಲಿಲ್ಲ" ಅಂತ ಮೂರನೇ ದಿನ ಮತ್ತೆ ತಂಬಾಕಿನ ಚೀಟಿ ಹರೀತಾರೆ. ಎದ್ದ ಅರ್ಧ ಗಂಟೆಯೊಳಗೇ ತಂಬಾಕು ಬೇಕು ಅನ್ನೋರಿಗೆ 2 ಸಾಲೋದಿಲ್ಲ, 4 ಮಿ.ಗ್ರಾಂ. ಬೇಕು, ಅದಕ್ಕೆ ವೈದ್ಯರ ಚೀಟಿ ಬೇಕು. ಈಚೆಗೆ ಹೃದಯಾಘಾತ ಆದವರನ್ನು, ಗರ್ಭಿಣಿಯರನ್ನು ಮೊದಲು ವೈದ್ಯರ ಹತ್ತಿರ ಕಳಿಸಿ. ಪ್ರತಿ ಪೊಟ್ಟಣದ ಜೊತೆ ತಂಬಾಕು ಬಿಡೋರಿಗೆ ನೆರವಾಗೋ ಕ್ವಿಟ್‌ಲೈನ್ 1800-11-2356 ಬರೆದ ಚೀಟಿ ಇಡಿ; ಕರೆ ಉಚಿತ.