ಬೋಫೋರ್ಸ್ ಗನ್ನಿಗೆ ಅಷ್ಟೊಂದು ಜನ ಯಾಕೆ?

ಮೈಸೂರು ಹುಡುಗ:
1999ರ ಕಾರ್ಗಿಲ್ ವಿಡಿಯೊ ನೋಡ್ತಿದ್ದೆ. ಒಂದು ಬೋಫೋರ್ಸ್ ಫಿರಂಗಿ ಸುತ್ತ ಆರೇಳು ಜನ ಓಡಾಡ್ತಾರೆ. ತುಂಬೋಕೆ ಒಬ್ಬ, ಹಾರಿಸೋಕೆ ಒಬ್ಬ ಸಾಕಲ್ವಾ? ಶೆಲ್ ಎತ್ತೋಕೆ ಗನ್ನಲ್ಲೇ ಕ್ರೇನ್ ಬೇರೆ ಇದೆಯಂತೆ.

ಹಾಸನದ ಗನ್ನರ್:
ತಮ್ಮಾ, ನಾನು ಅದೇ ಗನ್ನಲ್ಲಿ ಇದ್ದವನು, ಈಗ ರಿಟೈರ್ಡ್. 155 ಎಂಎಂ ಶೆಲ್ ಒಂದಕ್ಕೆ ಸುಮಾರು 43 ಕೆ.ಜಿ. ಸಿಮೆಂಟ್ ಮೂಟೆಗಿಂತ ಏಳು ಕೆ.ಜಿ. ಕಮ್ಮಿ, ಅಷ್ಟೇ. ಆದ್ರೆ ಮೂಟೆ ಹೆಗಲ ಮೇಲೆ ಕೂರುತ್ತೆ, ಇದು ಜಾರುತ್ತೆ. ಒಂದು ರಾತ್ರಿ ನೂರು ರೌಂಡ್ ಹೋದ್ರೆ 4,300 ಕೆ.ಜಿ. ಅಷ್ಟನ್ನೂ ಲಾರಿಯಿಂದ ಇಳಿಸಿ, ಜೋಡಿಸಿ, ಮತ್ತೆ ಗನ್ ಹತ್ರ ತರಬೇಕು. ಕ್ರೇನ್ ಬರೋದು ಕೊನೇ ಎರಡು ಹೆಜ್ಜೆಗೆ. ಬರ್ಸ್ಟಲ್ಲಿ, ಅಂದ್ರೆ ಒಂದರ ಹಿಂದೊಂದು ಬೇಗ ಹೊಡೆಯೋವಾಗ, ಮೂರು ಶೆಲ್ ಕೆಲವೇ ಸೆಕೆಂಡಲ್ಲಿ ಹೋಗ್ಬಿಡುತ್ತೆ, ಆಮೇಲೆ ಮತ್ತೆ ನಮ್ಮ ಸೊಂಟವೇ ಗತಿ.

ನಂಬರ್ ಒನ್ ಅಂದ್ರೆ ಹವಾಲ್ದಾರ್, ಗನ್ನಿನ ಯಜಮಾನ. ಕಮಾಂಡ್ ಪೋಸ್ಟಿಂದ ಬಂದ ಆರ್ಡರನ್ನ ಕೂಗಿ ಹೇಳೋನು ಅವನೇ. ಲೇಯರ್ ಅನ್ನೋನು ಗುರಿಯಿಡೋ ಸೈಟಲ್ಲಿ ಕಣ್ಣಿಟ್ಟು ದಿಕ್ಕು, ಎತ್ತರ ಕೂರಿಸ್ತಾನೆ. ಸಾಮಾನ್ಯವಾಗಿ ಗುರಿ ಅವನಿಗೆ ಕಾಣೋದೇ ಇಲ್ಲ, ಬೆಟ್ಟದ ಆಚೆ ಇರುತ್ತೆ. ಇನ್ನೊಬ್ಬ ಬ್ರೀಚ್, ಅಂದ್ರೆ ನಳಿಗೆಯ ಹಿಂದಿನ ಬಾಗಿಲು ನೋಡ್ಕೋತಾನೆ, ಮತ್ತೊಬ್ಬ ಲೋಡಿಂಗ್.

ನಾನು ಅಮ್ಯುನಿಷನ್ ಕಡೆ. ಶೆಲ್ ಸಿಡಿಸೋ ಫ್ಯೂಸ್ ತಿರುಗಿಸಿ ಸೆಟ್ ಮಾಡೋದು, ಚಾರ್ಜ್ ಚೀಲ, ಅಂದ್ರೆ ಶೆಲ್ಲನ್ನ ತಳ್ಳೋ ಮದ್ದಿನ ಚೀಲ ಎಣಿಸೋದು. ಆರ್ಡರಲ್ಲಿ ಹೇಳಿದಷ್ಟು ಚೀಲ ಇಟ್ಟು, ಮಿಕ್ಕಿದ್ದನ್ನ ಕೈಯೆತ್ತಿ ತೋರಿಸ್ಬೇಕು. ಕತ್ತಲು, ಚಳಿಗೆ ಬೆರಳು ಮರಗಟ್ಟಿರುತ್ತೆ, ಆದ್ರೂ ಎಣಿಕೆ ತಪ್ಪೋ ಹಾಗಿಲ್ಲ. ಒಂದು ಚೀಲ ಕಮ್ಮಿ ಆದ್ರೆ ಶೆಲ್ ಗುರಿ ಮುಟ್ಟಲ್ಲ. ಮುಂದೆ ನಮ್ಮವರೇ ಇರ್ತಾರೆ, ಗೊತ್ತಲ್ಲ.

ಟ್ಯಾಂಕ್ ಪ್ರೇಮಿ:
ಅದೆಲ್ಲ ಹಳೇ ಕಥೆ ಸರ್. ಟ್ಯಾಂಕ್ ಥರ ತಾನೇ ಓಡೋ ಕೆ9 ವಜ್ರ ಗನ್ನಲ್ಲಿ ಐದೇ ಜನ: ಕಮಾಂಡರ್, ಗನ್ನರ್, ಡ್ರೈವರ್, ಇಬ್ಬರು ಲೋಡರ್.

ಹಾಸನದ ಗನ್ನರ್:
ನಿಜ, ಒಳಗೆ ಐದೇ. 48 ಶೆಲ್ ಇರುತ್ತೆ. ಅದು ಖಾಲಿ ಆದ್ಮೇಲೆ? ಎರಡು ಟನ್ ಮತ್ತೆ ತುಂಬ್ಬೇಕಲ್ಲ, ಆ ಶೆಲ್ ಅಲ್ಲಿಗೆ ತಂದು ಹಾಕೋ ಕೈ ನಿಮ್ಮ ಐದರ ಲೆಕ್ಕದಲ್ಲಿ ಬರಲ್ಲ. ಐವರೂ ಒಂದೇ ಸಲ ನಿದ್ದೆ ಮಾಡೋಕೂ ಆಗಲ್ಲ.

ಮೈಸೂರು ಹುಡುಗ:
ಅಂಕಲ್, ಕಿವಿ ಚೆನ್ನಾಗಿದೆಯಾ ಈಗ?

ಹಾಸನದ ಗನ್ನರ್:
ಬಲಗಿವಿ ಮಂದ. ಅಷ್ಟು ವರ್ಷ ಚೀಲ ಎಣಿಸಿದವನನ್ನ ನಮ್ಮನೆಯವಳು ಕುಕ್ಕರ್ ವಿಷಲ್ ಎಣಿಸೋಕೆ ಬಿಡಲ್ಲ.