ದಾಸವಾಳದ ಮೊಗ್ಗು ಅರಳುವ ಮೊದಲೇ ಉದುರುತ್ತಿದೆ

ಪ್ರಶ್ನೆ: 12 ಇಂಚಿನ ಕುಂಡ, ಮಹಡಿ ಮೇಲೆ ಪೂರ್ತಿ ಬಿಸಿಲು. ಮೊಗ್ಗು ಹಳದಿಯಾಗಿ ತೊಟ್ಟಿನ ಸಮೇತ ಬೀಳುತ್ತಿದೆ. ಚಿಗುರಿನ ಸಂದಿಯಲ್ಲಿ ಬಿಳಿ ಹತ್ತಿಯಂಥದ್ದು ಅಂಟಿದೆ, ಇರುವೆಗಳೂ ಇವೆ. ಏನು ಮಾಡಲಿ?

ಉತ್ತರ 1: ಅದು ಹಿಟ್ಟು ತಿಗಣೆ. ರಸ ಹೀರುತ್ತೆ, ಮೊಗ್ಗು ನಿಲ್ಲೋದಿಲ್ಲ. ಮುತ್ತಿದ ತುದಿಗಳನ್ನು ಕತ್ತರಿಸಿ ಚೀಲದಲ್ಲಿ ಕಟ್ಟಿ ಎಸೆಯಿರಿ, ಗೊಬ್ಬರದ ಗುಂಡಿಗೆ ಖಂಡಿತ ಬೇಡ. ಉಳಿದದ್ದನ್ನು ರಭಸದ ನೀರಲ್ಲಿ ತೊಳೆದು, ಲೀಟರ್ ನೀರಿಗೆ 5 ಮಿ.ಲೀ. ಬೇವಿನೆಣ್ಣೆ, 2 ಮಿ.ಲೀ. ಸೋಪಿನ ದ್ರಾವಣ ಕಲಸಿ ಸಂಜೆ ಸಿಂಪಡಿಸಿ. ಎಲೆಯಡಿ ತಪ್ಪಬಾರದು. ವಾರಕ್ಕೊಮ್ಮೆ, ಮೂರು ಸಲ. ಬಿಸಿಲಲ್ಲಿ ಹೊಡೆದರೆ ಎಲೆ ಸುಡುತ್ತೆ.

ಉತ್ತರ 2: ಇರುವೆಗಳನ್ನೂ ತಡೆಯಿರಿ. ತಿಗಣೆಗಳು ಸುರಿಸುವ ಸಿಹಿ ಅಂಟಿನ ಆಸೆಗೆ ಇರುವೆಗಳೇ ಅವುಗಳಿಗೆ ಕಾವಲು.

ಉತ್ತರ 3: ನೀರು ಏರುಪೇರಾದರೂ ಮೊಗ್ಗು ಉದುರುತ್ತೆ. ಬೆರಳನ್ನು ಮಣ್ಣಿಗೆ ಒಂದಿಂಚು ಇಳಿಸಿ ನೋಡಿ, ಒಣಗಿದ್ದರೆ ಮಾತ್ರ ಹಾಕಿ.