ಸುದ್ದಿಮನೆಯ ಎಐ ಉಪಕರಣಗಳು ಯಾರವು, ಹಿಂದಿರುವ ದುಡ್ಡು ಯಾರದು? ಪ್ರಶ್ನೋತ್ತರ

ಪ್ರಶ್ನೆ (ಜಿಲ್ಲಾ ದಿನಪತ್ರಿಕೆಯ ಉಪಸಂಪಾದಕಿ): ನಮಸ್ಕಾರ ಸರ್. ನಮ್ಮ ಡೆಸ್ಕ್‌ನಲ್ಲಿ ಸಂದರ್ಶನದ ರೆಕಾರ್ಡಿಂಗನ್ನು ಬರಹಕ್ಕಿಳಿಸಲು ಒಂದು ಆ್ಯಪ್ ಇದೆ. ಏಜೆನ್ಸಿಯ ಇಂಗ್ಲಿಷ್ ಕಾಪಿ ಕನ್ನಡಕ್ಕೆ ತರಲು ಚಾಟ್‌ಜಿಪಿಟಿ, ತಲೆಬರಹಕ್ಕೆ ಜೆಮಿನಿ ಬಳಸುತ್ತೇವೆ. ಇವುಗಳ ಮಾಲೀಕರು ಯಾರು ಅಂತ ಸಂಪಾದಕರು ಪಟ್ಟಿ ಕೇಳಿದ್ದಾರೆ. ಆ್ಯಪ್ ಕಂಪನಿಯ ಹೆಸರು ಬರೆದುಕೊಟ್ಟರೆ ಸಾಕಾ?

ಉತ್ತರ (ಸುದ್ದಿಮನೆಗಳ ತಂತ್ರಜ್ಞಾನ ಸಲಹೆಗಾರ): ಸಾಲದು ಮೇಡಂ. ಪಟ್ಟಿಯಲ್ಲಿ ಪ್ರತಿ ಉಪಕರಣದ ಮುಂದೆ ಮೂರು ಕಾಲಂ ಹಾಕಿ: ನೀವು ತೆರೆಯುವ ಆ್ಯಪ್ ಯಾರದು, ಅದರೊಳಗೆ ಕೆಲಸ ಮಾಡುವ ಮಾಡೆಲ್ (ಅಂದರೆ ಅನುವಾದ, ಬರಹ ಮಾಡುವ ಎಐನ ಮಿದುಳು) ಯಾರದು, ಆ ಮಾಡೆಲ್ ಓಡುವ ಸರ್ವರ್ ಯಾರದು. ಎಷ್ಟೋ ಆ್ಯಪ್‌ಗಳ ಮೊದಲ ಕಾಲಂನಲ್ಲಿ ಯಾವುದೋ ಸಣ್ಣ ಕಂಪನಿ ಇರುತ್ತದೆ, ಎರಡನೆಯದಕ್ಕೂ ಮೂರನೆಯದಕ್ಕೂ ಬಂದರೆ ಅವೇ ನಾಲ್ಕೈದು ಹೆಸರುಗಳು.

ಚಾಟ್‌ಜಿಪಿಟಿಯನ್ನೇ ತಗೊಳ್ಳಿ. ಅದನ್ನು ಮಾಡಿದ ಓಪನ್‌ಎಐ 2015ರಲ್ಲಿ ಲಾಭರಹಿತ ಸಂಸ್ಥೆಯಾಗಿ ಶುರುವಾಯಿತು. 2019ರಲ್ಲಿ ಮೈಕ್ರೋಸಾಫ್ಟ್ 100 ಕೋಟಿ ಡಾಲರ್ ಹಾಕಿತು, ಆಮೇಲಿನ ಕಂತುಗಳೂ ಸೇರಿ ಅದು ಕೊಡಲು ಒಪ್ಪಿದ ಮೊತ್ತ ಸುಮಾರು 1,300 ಕೋಟಿ ಡಾಲರ್. 2025ರ ಅಕ್ಟೋಬರ್‌ನಲ್ಲಿ ಕಂಪನಿಯ ರಚನೆಯೇ ಬದಲಾಯಿತು. ಆಗ ಮೈಕ್ರೋಸಾಫ್ಟ್ ಪಾಲು ಸುಮಾರು ಶೇ 27, ಮೂಲ ಲಾಭರಹಿತ ಪ್ರತಿಷ್ಠಾನದ ಪಾಲು ಸುಮಾರು ಶೇ 26 ಎಂದಾಯಿತು. ಉಳಿದದ್ದು ನೌಕರರು ಮತ್ತು ಇತರ ಹೂಡಿಕೆದಾರರದು. ಜೆಮಿನಿಯದು ಸುಲಭ, ಅದು ಪೂರ್ತಿ ಗೂಗಲ್‌ನದೇ, ಅಂದರೆ ಗೂಗಲ್‌ನ ಮಾತೃಸಂಸ್ಥೆ ಆಲ್ಫಾಬೆಟ್‌ನದು. ಇನ್ನು ಚಾಟ್‌ಜಿಪಿಟಿಯಂಥದೇ ಆದ ಕ್ಲಾಡ್ ಮಾಡುವ ಆಂಥ್ರೋಪಿಕ್ ಕಂಪನಿಗೆ 2024ರ ಕೊನೆಯ ಹೊತ್ತಿಗೆ ಅಮೆಜಾನ್ ಘೋಷಿಸಿದ ಹೂಡಿಕೆಯೇ 800 ಕೋಟಿ ಡಾಲರ್. ಗೂಗಲ್ ಕೂಡ ಅದರಲ್ಲಿ ದೊಡ್ಡ ಹೂಡಿಕೆದಾರ. ಜೆಮಿನಿ ಬೇಡವೆಂದು ಕ್ಲಾಡ್‌ಗೆ ಹೋದವರು ಗೂಗಲ್‌ನಿಂದ ಪೂರ್ತಿ ಹೊರಗೆ ಹೋದಂತಾಗುವುದಿಲ್ಲ.

ಆಡಿಯೋ ಎಡಿಟ್ ಮಾಡುವವರು ಬಳಸುವ ಡಿಸ್ಕ್ರಿಪ್ಟ್ ನೋಡಲು ಸ್ವತಂತ್ರ ಕಂಪನಿ. 2022ರ ನವೆಂಬರ್‌ನಲ್ಲಿ ಅದು ಎತ್ತಿದ 5 ಕೋಟಿ ಡಾಲರ್ ಬಂಡವಾಳದ ಸುತ್ತಿನ ಮುಂಚೂಣಿಯಲ್ಲಿದ್ದದ್ದು ಓಪನ್‌ಎಐನ ಸ್ಟಾರ್ಟಪ್ ನಿಧಿ. ಹೀಗಾಗಿ ಮೂರು ಕಾಲಂ ಆದಮೇಲೆ ‘ಹೂಡಿಕೆದಾರರು’ ಅಂತ ನಾಲ್ಕನೆಯದೂ ಇರಲಿ.

ಅದೇ ಉಪಸಂಪಾದಕಿ: ಇಷ್ಟೆಲ್ಲ ತಿಳಿದುಕೊಂಡರೆ ಡೆಸ್ಕ್‌ನಲ್ಲಿ ಕೂತವರಿಗೆ ಏನು ಉಪಯೋಗ ಸರ್? ಬೆಲೆ ಕಡಿಮೆ, ಕೆಲಸ ಆಗುತ್ತೆ ಅಷ್ಟೇ ನಾವು ನೋಡೋದು.

ಉತ್ತರ: ಮೂರು ತೀರ್ಮಾನಗಳಿಗೆ ಇದು ಬೇಕೇ ಬೇಕು: ಪ್ರಕಟವಾಗದ ಸಾಮಗ್ರಿಯನ್ನು ಯಾವುದಕ್ಕೆ ಹಾಕಬಹುದು, ಯಾರು ಅಂಗಡಿ ಮುಚ್ಚಿದರೆ ನಿಮ್ಮ ಕೆಲಸ ನಿಲ್ಲುತ್ತದೆ, ಯಾರ ಬಗ್ಗೆ ಸುದ್ದಿ ಬರೆಯುವಾಗ ಓದುಗರಿಗೆ ತಿಳಿಸಬೇಕು.

ಮೊದಲನೆಯದು ಎಲ್ಲಕ್ಕಿಂತ ಗಂಭೀರ. ಚಾಟ್‌ಜಿಪಿಟಿಯ ಉಚಿತ ಖಾತೆ ಮತ್ತು ವೈಯಕ್ತಿಕ ಪ್ಲಸ್ ಖಾತೆಯಲ್ಲಿ ನೀವು ಹಾಕಿದ ಪಠ್ಯ ಮಾಡೆಲ್‌ನ ತರಬೇತಿಗೆ ಹೋಗಬಹುದು. ಸೆಟ್ಟಿಂಗ್ಸ್‌ನಲ್ಲಿ ಡೇಟಾ ಕಂಟ್ರೋಲ್ಸ್ ತೆರೆದು, ಮಾಡೆಲ್ ಸುಧಾರಣೆಗೆ ಅನುಮತಿ ಕೊಡುವ ಸ್ವಿಚ್ಚನ್ನು ನೀವೇ ಆಫ್ ಮಾಡಬೇಕು. ಸಂಸ್ಥೆಯ ಹೆಸರಿನ ಬಿಸಿನೆಸ್ ಖಾತೆ ಅಥವಾ ಎಪಿಐ (ನಿಮ್ಮ ಸಾಫ್ಟ್‌ವೇರ್‌ನಿಂದ ನೇರವಾಗಿ ಮಾಡೆಲ್‌ಗೆ ಹೋಗುವ ಸಂಪರ್ಕ) ಮೂಲಕ ಬಳಸಿದರೆ, ನೀವು ಯಾವ ಸೆಟ್ಟಿಂಗ್ ಬದಲಿಸದಿದ್ದರೂ ತರಬೇತಿಗೆ ಹೋಗುವುದಿಲ್ಲ. ಜೆಮಿನಿಯ ವೈಯಕ್ತಿಕ ಖಾತೆಯಲ್ಲಿ ಕೆಲವು ಸಂಭಾಷಣೆಗಳನ್ನು ಮನುಷ್ಯರೇ ಓದಿ ಪರಿಶೀಲಿಸುತ್ತಾರೆ. ಹಾಗೆ ಓದಿದ್ದು ನೀವು ಡಿಲೀಟ್ ಮಾಡಿದರೂ ಮೂರು ವರ್ಷದವರೆಗೆ ಉಳಿಯಬಹುದು ಎಂದು ಗೂಗಲ್ಲೇ ಹೇಳಿಕೊಂಡಿದೆ. ಡೆಸ್ಕ್‌ನಲ್ಲಿ ನಾಲ್ಕು ಜನ ತಮ್ಮ ತಮ್ಮ ಜಿಮೇಲ್‌ನಿಂದ ಲಾಗಿನ್ ಆಗಿದ್ದರೆ ನಾಲ್ಕು ಸೆಟ್ಟಿಂಗ್ ನಾಲ್ಕು ಥರ ಇರುತ್ತವೆ. ಮೊದಲು ಅದನ್ನು ಸರಿಮಾಡಿ.

ಡಿಲೀಟ್ ಒತ್ತಿದ ಮಾತ್ರಕ್ಕೆ ಅಳಿಸಿಹೋಯಿತು ಅಂದುಕೊಳ್ಳಬೇಡಿ. ನ್ಯೂಯಾರ್ಕ್ ಟೈಮ್ಸ್ 2023ರ ಡಿಸೆಂಬರ್‌ನಲ್ಲಿ ಓಪನ್‌ಎಐ ಮತ್ತು ಮೈಕ್ರೋಸಾಫ್ಟ್ ಮೇಲೆ ಹಕ್ಕುಸ್ವಾಮ್ಯದ ದಾವೆ ಹೂಡಿತು. ಅದೇ ದಾವೆಯಲ್ಲಿ 2025ರ ಮೇ ತಿಂಗಳಲ್ಲಿ ಕೋರ್ಟು, ಬಳಕೆದಾರರು ಅಳಿಸಿದ ಸಂಭಾಷಣೆಗಳನ್ನೂ ಕಾಪಿಡುವಂತೆ ಕಂಪನಿಗೆ ಆದೇಶಿಸಿತು. ದೊಡ್ಡ ಸಂಸ್ಥೆಗಳ ಎಂಟರ್‌ಪ್ರೈಸ್ ಖಾತೆಗಳು ಆ ಆದೇಶದ ಹೊರಗಿದ್ದವು, ಸಾಮಾನ್ಯ ಖಾತೆಗಳು ಸಿಕ್ಕಿಬಿದ್ದವು. ಸೆಪ್ಟೆಂಬರ್ ಅಂತ್ಯದವರೆಗೆ ಆ ಹೊಣೆ ಮುಂದುವರಿಯಿತು. ಹೆಸರು ಹೇಳಬೇಡಿ ಎಂದು ಕೇಳಿಕೊಂಡ ಸರ್ಕಾರಿ ನೌಕರನೊಬ್ಬನ ಮಾತು ಅಂಥ ಖಾತೆಯಲ್ಲಿ ಬಿದ್ದಿದ್ದರೆ ಅದನ್ನು ವಾಪಸ್ ಪಡೆಯುವ ದಾರಿ ವರದಿಗಾರನಿಗೆ ಇರಲಿಲ್ಲ. ಗೋಪ್ಯ ಮೂಲದ ಆಡಿಯೋ ಯಾವ ಕಂಪನಿಯ ಸರ್ವರಿಗೂ ಹೋಗಬಾರದು. ಇದರಲ್ಲಿ ನಾನು ರಾಜಿ ಆಗುವುದಿಲ್ಲ.

ಪ್ರಶ್ನೆ (ತಾಲ್ಲೂಕು ವರದಿಗಾರ): ಹಾಗಾದರೆ ಗೋಪ್ಯ ಆಡಿಯೋವನ್ನು ಕೈಯಲ್ಲೇ ಬರೆದುಕೊಳ್ಳಬೇಕಾ ಸರ್? ಒಂದೂವರೆ ಗಂಟೆ ರೆಕಾರ್ಡಿಂಗ್ ಇರುತ್ತೆ.

ಉತ್ತರ: ಬೇಡ. ನಿಮ್ಮದೇ ಕಂಪ್ಯೂಟರಿನಲ್ಲಿ, ಇಂಟರ್ನೆಟ್ ಕಿತ್ತಿಟ್ಟು ಓಡಿಸಬಹುದಾದ ಮಾಡೆಲ್‌ಗಳಿವೆ. ಓಪನ್‌ಎಐ 2022ರಲ್ಲಿ ಧ್ವನಿಯನ್ನು ಪಠ್ಯಕ್ಕಿಳಿಸುವ ವಿಸ್ಪರ್ ಎಂಬ ಮಾಡೆಲನ್ನು, ಯಾರು ಬೇಕಾದರೂ ಉಚಿತವಾಗಿ ಬಳಸಬಹುದಾದ ಎಂಐಟಿ ಪರವಾನಗಿಯಡಿ ಬಿಟ್ಟುಕೊಟ್ಟಿತು. ಒಮ್ಮೆ ಡೌನ್‌ಲೋಡ್ ಆದರೆ ಧ್ವನಿ ಹೊರಗೆ ಹೋಗುವ ಪ್ರಶ್ನೆಯೇ ಇಲ್ಲ. ದೊಡ್ಡ ಮಾಡೆಲ್ ಸುಮಾರು 3 ಜಿಬಿ ಇದೆ, ಮೂಲ ರೂಪದಲ್ಲಿ ಓಡಿಸಲು 10 ಜಿಬಿಯಷ್ಟು ಗ್ರಾಫಿಕ್ಸ್ ಮೆಮೊರಿ ಬೇಡುತ್ತದೆ. ಅದರ ಹಗುರವಾದ ಟರ್ಬೋ ರೂಪಕ್ಕೆ 6 ಜಿಬಿ ಸಾಕು.

ಆದರೆ ಎರಡು ತೊಂದರೆ. ಮೊದಲ ವಿಸ್ಪರ್ ಕಲಿತ 6,80,000 ಗಂಟೆ ಧ್ವನಿಯಲ್ಲಿ ಕನ್ನಡದ ಪಾಲು ತೀರಾ ಸಣ್ಣದು. ಬೆಂಗಳೂರಿನ ಅಧಿಕಾರಿಯ ಪತ್ರಿಕಾಗೋಷ್ಠಿ ಹೇಗೋ ದಾಟುತ್ತದೆ, ಕಲಬುರಗಿಯ ರೈತರ ಮಾತಿಗೆ ಬಂದರೆ ಸಾಲುಗಟ್ಟಲೆ ತಪ್ಪು. ಎರಡನೆಯದು, ಯಾರೂ ಮಾತಾಡದ ಜಾಗದಲ್ಲಿ ಅದು ತಾನೇ ವಾಕ್ಯ ಹುಟ್ಟಿಸುತ್ತದೆ. 30 ಸೆಕೆಂಡಿನ ತುಂಡುಗಳಾಗಿ ಕೇಳಿಸಿಕೊಂಡು, ಮುಂದಿನ ಪದ ಯಾವುದಿರಬಹುದೆಂದು ಊಹಿಸುತ್ತಾ ಹೋಗುವ ಯಂತ್ರ ಅದು. ಮೌನ ಸಿಕ್ಕರೂ ಊಹೆ ನಿಲ್ಲುವುದಿಲ್ಲ. ಆದ್ದರಿಂದ ನೀವು ಬಳಸುವ ಸಾಫ್ಟ್‌ವೇರ್‌ನಲ್ಲಿ ಮಾತಿಲ್ಲದ ಭಾಗ ಕತ್ತರಿಸುವ ಆಯ್ಕೆ ಇದ್ದರೆ ಮೊದಲು ಅದನ್ನು ಆನ್ ಮಾಡಿ. ಭಾಷೆ ಕನ್ನಡ ಎಂದು ನೀವೇ ನಮೂದಿಸಿ, ಬಿಟ್ಟರೆ ಅದು ಮೊದಲ 30 ಸೆಕೆಂಡ್ ಕೇಳಿ ಭಾಷೆ ತೀರ್ಮಾನಿಸುತ್ತದೆ. ಸಂದರ್ಶನ ಇಂಗ್ಲಿಷ್ ಕುಶಲೋಪರಿಯಿಂದ ಶುರುವಾಗಿದ್ದರೆ ಪೂರ್ತಿ ಕೆಡುತ್ತದೆ. ಉದ್ಧರಣ ಚಿಹ್ನೆಯೊಳಗೆ ಹೋಗುವ ಪ್ರತಿ ಮಾತನ್ನೂ ಆಡಿಯೋ ಕೇಳಿಯೇ ಬರೆಯಿರಿ.

ಕನ್ನಡಕ್ಕೆ ಐಐಟಿ ಮದ್ರಾಸ್‌ನ ಎಐ4ಭಾರತ್ ಸಂಶೋಧನಾ ತಂಡ ಮಾಡಿರುವ, ಧ್ವನಿಯನ್ನು ಪಠ್ಯಕ್ಕಿಳಿಸುವ ಇಂಡಿಕ್ ಕನ್ಫಾರ್ಮರ್ ಮೊದಲು ಪ್ರಯತ್ನಿಸಿ ಎನ್ನುತ್ತೇನೆ. ಅದೂ ಮುಕ್ತವಾಗಿ ಸಿಗುತ್ತದೆ, ನಿಮ್ಮ ಯಂತ್ರದಲ್ಲೇ ಓಡುತ್ತದೆ.

ಪ್ರಶ್ನೆ (ಪತ್ರಿಕೋದ್ಯಮ ವಿದ್ಯಾರ್ಥಿ): ಭಾರತದ್ದೇ ಬಳಸಿದರೆ ಈ ಮಾಲೀಕತ್ವದ ತಲೆನೋವು ಇರಲ್ಲ ಅಲ್ವಾ ಸರ್?

ಉತ್ತರ: ಅಲ್ಲೂ ಅವೇ ಕಾಲಂ ತುಂಬಬೇಕು. ಎಐ4ಭಾರತ್‌ನ ಕೇಂದ್ರಕ್ಕೆ 2022ರಲ್ಲಿ ರೋಹಿಣಿ ಮತ್ತು ನಂದನ್ ನಿಲೇಕಣಿ 36 ಕೋಟಿ ರೂಪಾಯಿ ಕೊಟ್ಟರು. ಭಾಷಿಣಿ ಕೇಂದ್ರ ಸರ್ಕಾರದ ಎಲೆಕ್ಟ್ರಾನಿಕ್ಸ್ ಮತ್ತು ಮಾಹಿತಿ ತಂತ್ರಜ್ಞಾನ ಸಚಿವಾಲಯದ ಅನುವಾದ ಯೋಜನೆ. ಬೆಂಗಳೂರಿನ ಎಐ ಕಂಪನಿ ಸರ್ವಂ 2023ರಲ್ಲಿ ಶುರುವಾಗಿ ಅದೇ ವರ್ಷ 4.1 ಕೋಟಿ ಡಾಲರ್ ಎತ್ತಿತು. ಹಾಕಿದವರು ಲೈಟ್‌ಸ್ಪೀಡ್, ಪೀಕ್ ಎಕ್ಸ್‌ವಿ, ಖೋಸ್ಲಾ ವೆಂಚರ್ಸ್ ಎಂಬ ವೆಂಚರ್ ಸಂಸ್ಥೆಗಳು, ಅಂದರೆ ಹೊಸ ಕಂಪನಿಗಳಿಗೆ ಬಂಡವಾಳ ಹಾಕುವವರು. 2025ರಲ್ಲಿ ಸರ್ಕಾರದ ಇಂಡಿಯಾಎಐ ಮಿಷನ್‌ಗೂ ಆಯ್ಕೆಯಾಯಿತು. ಅಂದರೆ ದಾನಿ, ಸರ್ಕಾರ, ವೆಂಚರ್ ಬಂಡವಾಳ, ಮೂರೂ ಇಲ್ಲಿವೆ.

ಭಾಷಿಣಿಯಲ್ಲಿ ಮಾರುಕಟ್ಟೆ ದರವನ್ನೋ ಹವಾಮಾನ ವರದಿಯನ್ನೋ ಅನುವಾದಿಸಲು ಯಾವ ಅಡ್ಡಿಯೂ ಇಲ್ಲ. ಸಚಿವಾಲಯದ ಟೆಂಡರ್ ಬಗ್ಗೆ ನಿಮ್ಮಲ್ಲಿರುವ ಅಪ್ರಕಟಿತ ದಾಖಲೆಯನ್ನು ಸರ್ಕಾರದ್ದೇ ಸರ್ವರಿಗೆ ಹಾಕುವುದು ವೃತ್ತಿಯ ದೃಷ್ಟಿಯಿಂದ ಸರಿಯಲ್ಲ, ಅದು ಯಾವ ಪಕ್ಷದ ಸರ್ಕಾರವಾದರೂ ಅಷ್ಟೇ. ಅಂಥ ಕೆಲಸಕ್ಕೆ ಎಐ4ಭಾರತ್‌ನ ಅನುವಾದ ಮಾಡೆಲ್ ಇಂಡಿಕ್‌ಟ್ರಾನ್ಸ್2 ಇಳಿಸಿಕೊಳ್ಳಿ. ಸಂವಿಧಾನದ 8ನೇ ಪರಿಚ್ಛೇದದ 22 ಭಾಷೆಗಳಿವೆ, ಅದರ ಚಿಕ್ಕ ರೂಪ ಸಾಮಾನ್ಯ ಕಂಪ್ಯೂಟರಿನಲ್ಲೂ ಓಡುತ್ತದೆ. ಈ ಮಾಡೆಲ್‌ಗಳಿಗೂ ಯಾರೋ ದುಡ್ಡು ಹಾಕಿದ್ದಾರೆ ನಿಜ, ಆದರೆ ಫೈಲ್ ನಿಮ್ಮ ಹಾರ್ಡ್ ಡಿಸ್ಕಿಗೆ ಬಂದಮೇಲೆ ಅದನ್ನು ಯಾರೂ ಕಿತ್ತುಕೊಳ್ಳಲಾರರು.

ಕಿತ್ತುಕೊಳ್ಳುವುದು ಅಂದೆ, ಅದು ಆಗಿದೆ. ಯಾವ ಪೋಸ್ಟ್ ಎಲ್ಲಿ ಹರಡುತ್ತಿದೆ ಎಂದು ನೋಡಲು ಜಗತ್ತಿನ ಸುದ್ದಿಮನೆಗಳು ನೆಚ್ಚಿಕೊಂಡಿದ್ದ ಕ್ರೌಡ್‌ಟ್ಯಾಂಗಲ್ ಅನ್ನು ಫೇಸ್‌ಬುಕ್ 2016ರಲ್ಲಿ ಕೊಂಡಿತು. 2024ರ ಆಗಸ್ಟ್ 14ಕ್ಕೆ ಮುಚ್ಚಿತು. ಬದಲಿಗೆ ಬಂದ ವ್ಯವಸ್ಥೆ ಶೈಕ್ಷಣಿಕ ಮತ್ತು ಲಾಭರಹಿತ ಸಂಶೋಧಕರಿಗೆ ಮಾತ್ರ, ವಾಣಿಜ್ಯ ಪತ್ರಿಕೆಗಳು ಹೊರಗುಳಿದವು.

ಪ್ರಶ್ನೆ (ಸುದ್ದಿ ಜಾಲತಾಣ ನಡೆಸುವವರು): ನಮ್ಮದು ಆರು ಜನರ ತಂಡ. ವಿದೇಶಿ ಕಂಪನಿಗಳು ಸುದ್ದಿಮನೆಗಳಿಗೆ ಎಐ ಅನುದಾನ, ಕ್ರೆಡಿಟ್ ಕೊಡುತ್ತವೆ ಅಂತ ಕೇಳಿದೆ. ಅರ್ಜಿ ಹಾಕಬಹುದಾ?

ಉತ್ತರ: ಕೊಡುತ್ತವೆ, ಲೆಕ್ಕವನ್ನು ಬಿಡಿಸಿ ನೋಡಬೇಕು. ಅಮೆರಿಕದಲ್ಲಿ 2024ರ ಅಕ್ಟೋಬರ್‌ನಲ್ಲಿ ಓಪನ್‌ಎಐ ಮತ್ತು ಮೈಕ್ರೋಸಾಫ್ಟ್ ಸೇರಿ ಪತ್ರಿಕೋದ್ಯಮಕ್ಕೆ ನೆರವಾಗುವ ಲೆನ್‌ಫೆಸ್ಟ್ ಸಂಸ್ಥೆಯ ಮೂಲಕ ಐದು ಸುದ್ದಿಮನೆಗಳಿಗೆ 1 ಕೋಟಿ ಡಾಲರ್ ವರೆಗಿನ ನೆರವು ಘೋಷಿಸಿದವು. ಅದರಲ್ಲಿ ಅರ್ಧ ಮಾತ್ರ ನಗದು, ಉಳಿದರ್ಧ ಅವರದೇ ಸೇವೆಯ ಕ್ರೆಡಿಟ್, ಅಂದರೆ ಅಷ್ಟು ಮೊತ್ತದವರೆಗೆ ಬಿಟ್ಟಿ ಬಳಕೆ. 2023ರಲ್ಲಿ ಸ್ಥಳೀಯ ಸುದ್ದಿಮನೆಗಳಿಗೆ ನೆರವಾಗುವ ಅಮೆರಿಕನ್ ಜರ್ನಲಿಸಂ ಪ್ರಾಜೆಕ್ಟ್‌ಗೆ ಓಪನ್‌ಎಐ ಕೊಟ್ಟದ್ದೂ ಹೀಗೇ, 50 ಲಕ್ಷ ಡಾಲರ್ ನಗದು, ಜೊತೆಗೆ 50 ಲಕ್ಷದವರೆಗೆ ಕ್ರೆಡಿಟ್. ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್‌ನ ಜರ್ನಲಿಸಂಎಐ ತರಬೇತಿಗಳಿಗೆ ಬೆಂಬಲ ಗೂಗಲ್ ನ್ಯೂಸ್ ಇನಿಶಿಯೇಟಿವ್‌ನದು. ಇವುಗಳಿಂದ ಒಳ್ಳೆಯ ಕೆಲಸವೂ ಆಗಿದೆ. ನನಗಿರುವ ಆತಂಕ ಅವಲಂಬನೆಯದು: ಕ್ರೆಡಿಟ್ ಮುಗಿಯುವ ಹೊತ್ತಿಗೆ ನಿಮ್ಮ ಇಡೀ ಕೆಲಸದ ವ್ಯವಸ್ಥೆ ಆ ಒಂದು ಕಂಪನಿಯ ಎಪಿಐಗೆ ಅಂಟಿಕೊಂಡಿರುತ್ತದೆ, ಮರುತಿಂಗಳಿನಿಂದ ಬಿಲ್ಲು ಶುರು.

ಕನ್ನಡದವರಿಗೆ ಕ್ರೆಡಿಟ್ ಕರಗುವುದೂ ಬೇಗ. ಬಿಲ್ಲು ಬರುವುದು ಟೋಕನ್ ಲೆಕ್ಕದಲ್ಲಿ, ಅಂದರೆ ಮಾಡೆಲ್ ಪಠ್ಯವನ್ನು ಒಡೆದುಕೊಳ್ಳುವ ತುಂಡುಗಳ ಲೆಕ್ಕದಲ್ಲಿ. ‘ಪ್ರಶ್ನೆ’ ನಮಗೆ ಎರಡು ಅಕ್ಷರ. ಕಂಪ್ಯೂಟರಿಗೆ ಅದು ಪ, ವಿರಾಮ (ಒತ್ತಕ್ಷರ ಕೂಡಿಸುವ ಚಿಹ್ನೆ), ರ, ಶ, ವಿರಾಮ, ನ, ಎತ್ವ ಹೀಗೆ 7 ಸಂಕೇತ, ಒಂದಕ್ಕೆ 3 ಬೈಟ್‌ನಂತೆ 21 ಬೈಟ್. ಅದೇ ಅರ್ಥದ ಇಂಗ್ಲಿಷ್ ಪದ question 8 ಬೈಟ್, ಸಾಮಾನ್ಯವಾಗಿ ಒಂದೇ ಟೋಕನ್. ಕನ್ನಡದ್ದು ಹೆಚ್ಚು ತುಂಡಾಗುತ್ತದೆ. ಹೊಸ ಮಾಡೆಲ್‌ಗಳಲ್ಲಿ ಅಂತರ ಕಡಿಮೆಯಾಗಿದೆ, ಹೋಗಿಲ್ಲ. ಅರ್ಜಿ ಹಾಕುವ ಮೊದಲು ನಿಮ್ಮ ಹತ್ತು ವರದಿಗಳನ್ನು ಆ ಕಂಪನಿಯ ಟೋಕನ್ ಎಣಿಸುವ ಪುಟದಲ್ಲಿ ಹಾಕಿ ಸರಾಸರಿ ತೆಗೆಯಿರಿ. ದಿನದ ವರದಿಗಳ ಸಂಖ್ಯೆಯಿಂದ ಗುಣಿಸಿ, ಬರುವ ಉತ್ತರದ ಟೋಕನ್ ಕೂಡಿಸಿ. ಉತ್ತರದ ದರ ಸಾಮಾನ್ಯವಾಗಿ ಪ್ರಶ್ನೆಯ ದರಕ್ಕಿಂತ ಹಲವು ಪಟ್ಟು ಜಾಸ್ತಿ ಇರುತ್ತದೆ, ಅದನ್ನು ಮರೆತೇ ಅಂದಾಜು ತಪ್ಪುವುದು. ಕಾನೂನಿನ ಭಾಗ ನಮ್ಮ ಆಡಿಟರ್ ಮೇಡಂ ಹೇಳಲಿ.

ಉತ್ತರ (ಚಾರ್ಟರ್ಡ್ ಅಕೌಂಟೆಂಟ್): ಇಲ್ಲಿ ತುಂಬ ಜನ ಎಡವುತ್ತಾರೆ. ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ, 2010ರ 3ನೇ ಸೆಕ್ಷನ್ ನೋಡಿ. ನೋಂದಾಯಿತ ಪತ್ರಿಕೆಯ ಮಾಲೀಕ, ಸಂಪಾದಕ, ವರದಿಗಾರ, ಅಂಕಣಕಾರ, ವ್ಯಂಗ್ಯಚಿತ್ರಕಾರ, ಮುದ್ರಕ, ಪ್ರಕಾಶಕ ಯಾರೂ ವಿದೇಶಿ ದೇಣಿಗೆ ಪಡೆಯುವಂತಿಲ್ಲ. ಎಲೆಕ್ಟ್ರಾನಿಕ್ ಮಾಧ್ಯಮದಲ್ಲಿ ಧ್ವನಿ, ದೃಶ್ಯ ಸುದ್ದಿ ಮಾಡುವ ಕಂಪನಿಗಳಿಗೂ ಅದೇ ನಿಷೇಧ. ಪರವಾನಗಿ ತಗೊಂಡು ಪಡೆಯುವ ದಾರಿ ಇವರಿಗಿಲ್ಲ. ಮಾಮೂಲಿ ವ್ಯವಹಾರದಲ್ಲಿ ಸರಕು, ಸೇವೆ ಕೊಟ್ಟು ಪಡೆದ ಶುಲ್ಕ ದೇಣಿಗೆಯಲ್ಲ. ಹಾಗಾಗಿ ಒಪ್ಪಂದ, ಇನ್‌ವಾಯ್ಸ್, ಕೊಟ್ಟ ಕೆಲಸದ ವಿವರ ಇಲ್ಲದೆ ಒಂದು ಡಾಲರ್ ಕೂಡ ಖಾತೆಗೆ ಬರಬಾರದು. ಇನ್‌ವಾಯ್ಸ್ ಇದೆ ಅಂತ ಅನುದಾನವನ್ನು ಶುಲ್ಕ ಎಂದು ತೋರಿಸಿದರೆ ಅದು ಇನ್ನೂ ದೊಡ್ಡ ತಪ್ಪು. ಕ್ರೆಡಿಟ್ ಯಾವ ಗುಂಪಿಗೆ ಸೇರುತ್ತದೆಂದು ಕರಾರಿನ ಪದಗಳನ್ನು ನೋಡಿಯೇ ಹೇಳಬೇಕು, ಸಹಿ ಹಾಕುವ ಮುಂಚೆ ಕರಡು ತೋರಿಸಿ. ಷೇರು ಕೊಟ್ಟು ಬಂಡವಾಳ ತರುವುದಾದರೆ ಡಿಜಿಟಲ್ ಸುದ್ದಿಗೆ ವಿದೇಶಿ ಹೂಡಿಕೆಯ ಮಿತಿ ಶೇ 26, ಅದೂ ಸರ್ಕಾರದ ಅನುಮೋದನೆ ಸಿಕ್ಕರೆ.

ವಿದ್ಯಾರ್ಥಿ: ಮೂರನೇ ತೀರ್ಮಾನ, ಓದುಗರಿಗೆ ತಿಳಿಸೋದು ಅಂದ್ರಲ್ಲ, ಅದು ಹೇಗೆ?

ಉತ್ತರ: ಜೆಫ್ ಬೆಜೋಸ್ 2013ರಿಂದ ವಾಷಿಂಗ್ಟನ್ ಪೋಸ್ಟ್ ಮಾಲೀಕರು, ಎಐ ಹುಡುಕಾಟದ ಪರ್ಪ್ಲೆಕ್ಸಿಟಿಯಲ್ಲಿ ಹೂಡಿಕೆದಾರರೂ ಹೌದು. ವಾಲ್ ಸ್ಟ್ರೀಟ್ ಜರ್ನಲ್ ಮಾಲೀಕ ಸಂಸ್ಥೆ ನ್ಯೂಸ್ ಕಾರ್ಪ್ 2024ರ ಮೇ ತಿಂಗಳಲ್ಲಿ ಓಪನ್‌ಎಐ ಜೊತೆ ಒಪ್ಪಂದ ಮಾಡಿಕೊಂಡಿತು, ಅದೇ ವರ್ಷ ಅಕ್ಟೋಬರ್‌ನಲ್ಲಿ ಅದರ ಅಂಗಸಂಸ್ಥೆಗಳು ಪರ್ಪ್ಲೆಕ್ಸಿಟಿ ಮೇಲೆ ದಾವೆ ಹೂಡಿದವು. ನಮ್ಮಲ್ಲಿ ಸುದ್ದಿಸಂಸ್ಥೆ ಎಎನ್‌ಐ 2024ರ ನವೆಂಬರ್‌ನಲ್ಲಿ ದೆಹಲಿ ಹೈಕೋರ್ಟಿನಲ್ಲಿ ಓಪನ್‌ಎಐ ವಿರುದ್ಧ ದಾವೆ ಹಾಕಿದೆ. ಈ ಸಂಬಂಧಗಳು ಗೊತ್ತಿಲ್ಲದ ಓದುಗನಿಗೆ ಸುದ್ದಿ ಅರ್ಧವೇ ತಲುಪುತ್ತದೆ. ಎಐ ಕಂಪನಿಯ ಬಗ್ಗೆ ಬರೆದಾಗ ಕೊನೆಗೆ ಎರಡೇ ಸಾಲು ಸಾಕು: “ಈ ವರದಿಯಲ್ಲಿ ಹೆಸರಿಸಿರುವ ಕಂಪನಿಯ ಅನುವಾದ ಸೇವೆಯನ್ನು ನಮ್ಮ ಪತ್ರಿಕೆ ಹಣ ಕೊಟ್ಟು ಬಳಸುತ್ತದೆ. ಅದರಿಂದ ಯಾವ ಅನುದಾನವನ್ನೂ ಪಡೆದಿಲ್ಲ.” ಪಡೆದಿದ್ದರೆ ಮೊತ್ತ, ವರ್ಷ ಬರೆಯಿರಿ.

ಉಪಸಂಪಾದಕಿ: ಕೊನೆಯದಾಗಿ ಸರ್, ಆ ಆಡಿಯೋ ಆ್ಯಪ್‌ನ ಒಳಗೆ ಯಾರ ಮಾಡೆಲ್ ಇದೆ ಅಂತ ಎಲ್ಲಿ ನೋಡಲಿ? ಅವರ ಜಾಲತಾಣದಲ್ಲಿ ‘ನಮ್ಮದೇ ಎಐ’ ಅಂತ ಮಾತ್ರ ಇದೆ.

ಉತ್ತರ: ಮುಖಪುಟ ಬಿಡಿ, ಕೆಳತುದಿಯ ಪ್ರೈವೆಸಿ ಪಾಲಿಸಿಗೆ ಹೋಗಿ. ಅದರಲ್ಲಿ ಅಥವಾ ಪಕ್ಕದಲ್ಲೇ ‘ಸಬ್‌ಪ್ರೊಸೆಸರ್’ ಪಟ್ಟಿ ಇರುತ್ತದೆ, ನಿಮ್ಮ ಡೇಟಾ ಮುಟ್ಟುವ ಹೊರಗಿನ ಕಂಪನಿಗಳೆಲ್ಲ ಅಲ್ಲಿ ಬರುತ್ತವೆ. ಯುರೋಪಿನಲ್ಲಿ ಗ್ರಾಹಕರಿರುವ ಕಂಪನಿಗಳು ಅಲ್ಲಿನ ಕಾನೂನಿನ ಕಾರಣಕ್ಕೆ ಇದನ್ನು ಇಟ್ಟಿರುತ್ತವೆ. ಬಳಕೆಯ ಷರತ್ತಿನಲ್ಲಿ ಕಂಪನಿಯ ಪೂರ್ಣ ನೋಂದಾಯಿತ ಹೆಸರು ಇರುತ್ತದೆ. ಭಾರತದ್ದಾದರೆ ಆ ಹೆಸರನ್ನು ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯದ ಪೋರ್ಟಲ್‌ನಲ್ಲಿ ಹುಡುಕಿ. ನಿರ್ದೇಶಕರ ಹೆಸರು ಸಿಗುತ್ತದೆ, ಸಣ್ಣ ಶುಲ್ಕ ಕಟ್ಟಿದರೆ ವಾರ್ಷಿಕ ರಿಟರ್ನ್‌ನಲ್ಲಿ ಷೇರುದಾರರ ವಿವರವೂ. ಬ್ರಿಟನ್ ಕಂಪನಿಯಾದರೆ ಕಂಪನೀಸ್ ಹೌಸ್‌ನಲ್ಲಿ ದಾಖಲೆಗಳೇ ಉಚಿತ. ಅಮೆರಿಕದ ಖಾಸಗಿ ಕಂಪನಿಗಳ ಷೇರುದಾರರ ಪಟ್ಟಿ ಮಾತ್ರ ಹೀಗೆ ಸಿಗದು, ಅವರೇ ಹೊರಡಿಸಿದ ಹೂಡಿಕೆ ಪ್ರಕಟಣೆ ನೋಡಬೇಕು.

ಪಟ್ಟಿ ಇಲ್ಲದಿದ್ದರೆ ಸಂಸ್ಥೆಯ ಇಮೇಲ್‌ನಿಂದ ನಾಲ್ಕು ಪ್ರಶ್ನೆ ಕಳಿಸಿ: ಧ್ವನಿಯನ್ನು ಪಠ್ಯಕ್ಕಿಳಿಸುವ ಮಾಡೆಲ್ ಯಾವುದು, ಯಾವ ದೇಶದ ಸರ್ವರ್, ಫೈಲ್ ಎಷ್ಟು ದಿನ ಇರುತ್ತದೆ, ತರಬೇತಿಗೆ ಬಳಸುತ್ತೀರಾ. ಎರಡು ವಾರ ಕಾಯಿರಿ. ಉತ್ತರ ಬರದಿದ್ದರೆ ಪಟ್ಟಿಯಲ್ಲಿ ಆ ಆ್ಯಪ್‌ನ ಮುಂದೆ ‘ಪತ್ರಿಕಾಗೋಷ್ಠಿ, ಬಹಿರಂಗ ಸಭೆಗೆ ಮಾತ್ರ’ ಎಂದು ಬರೆದು ಸಂಪಾದಕರಿಗೆ ಕೊಡಿ.